ಕಣ್ಣೀರು ಬಂದ ಮಧ್ಯಾಹ್ನ

ಆ ವರ್ಷ ಬೇಕರಿಯವನ ಮನೆಗೆ ಬೇಸಿಗೆ ಎರಡು ಕಡೆಯಿಂದ ನುಗ್ಗಿತ್ತು. ತಲೆಯ ಮೇಲಿನ ತಗಡಿನಿಂದ ಒಂದು, ಗೋಡೆಯಾಚೆಯ ಭಟ್ಟಿಯಿಂದ ಇನ್ನೊಂದು. ಮುಂದೆ ಅಂಗಡಿ, ಮಧ್ಯೆ ಭಟ್ಟಿ, ಹಿಂದಿನ ಒಂದೇ ಕೋಣೆಯಲ್ಲಿ ಸಂಸಾರ. ಅವನು, ಅವನ ಹೆಂಡತಿ, ಅವನ ತಾಯಿ, ಒಂದೂವರೆ ವರ್ಷದ ಮಗಳು. ಮಗಳಿಗೆ ಚೆಂದದ ಹೆಸರೊಂದಿತ್ತು. ಆದರೆ ಉಬ್ಬಿದ ಕೆನ್ನೆ ನೋಡಿ ಅಪ್ಪ ಕರೆದ ಹೆಸರೇ ನಿಂತುಬಿಟ್ಟಿತ್ತು: ಬನ್ನು.

ಹೆಂಡತಿ ಸಮವಸ್ತ್ರ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಹೋಗುವಾಗ ಹಾಲಿನ ಬಾಟಲಿ ತುಂಬಿಸಿ, "ಈಗಲೇ ಕುಡಿಸಿಬಿಡಿ, ಇಟ್ಕೊಂಡು ಕೂರಬೇಡಿ" ಅಂದಿದ್ದಳು. ಬೇಕರಿಯವನಿಗೆ ಅದು ನೆನಪಾದದ್ದು ಮಧ್ಯಾಹ್ನ ಎರಡು ಗಂಟೆಗೆ. ಬಾಟಲಿ ಕಿಟಕಿಯ ಕಟ್ಟೆಯ ಮೇಲೆ ಬೆಚ್ಚಗೆ ಕೂತಿತ್ತು. ಮೂಸಿ ನೋಡಿದ. ಏನೂ ಅನ್ನಿಸಲಿಲ್ಲ. ಹುದುಗು ಬಂದ ಹಿಟ್ಟಿನ ಜೊತೆಯೇ ದಿನ ಕಳೆಯುವ ಮೂಗಿಗೆ ಹುಳಿವಾಸನೆ ಎಲ್ಲಿ ತಿಳಿಯಬೇಕು! ಸುಮ್ಮನೆ ಯಾಕೆ ಚೆಲ್ಲಬೇಕು ಅಂತ ಕುಡಿಸಿದ.

ಸಂಜೆ ಬನ್ನುವಿಗೆ ಭೇದಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಮೂರು ಸಲ ಆಗಿತ್ತು. ಹೆಂಡತಿ ಕೆಲಸಕ್ಕೆ ಹೋಗಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಳು.

"ಹಲ್ಲು ಬರೋ ಕಾಲ. ಅದಕ್ಕೇ ಇರಬೇಕು. ನಾನಿದ್ದೀನಲ್ಲ, ಹೋಗು" ಅಂದ ಅವನು.

ಅವಳು ಹೋದ ಮೇಲೆ ಆಟ ಕೆಟ್ಟಿತು. ನಾಲ್ಕು, ಐದು, ಆರು. ಬನ್ನು ನೀರಿನ ಲೋಟಕ್ಕೆ ಕೈ ಚಾಚಿದಾಗ ಅಜ್ಜಿ ಲೋಟವನ್ನು ದೂರ ಸರಿಸಿದಳು.

"ನೀರು ಕೊಡಬೇಡ ಕಣೋ. ಮೇಲಿಂದ ಬಿಟ್ಟರೆ ತಾನೇ ಕೆಳಗಿಂದ ಹೋಗೋದು? ಹೊಟ್ಟೆ ಒಣಗಲಿ, ತಾನಾಗೇ ನಿಲ್ಲುತ್ತೆ."

ಬೇಕರಿಯವನಿಗೆ ಈ ಮಾತು ಸರಿ ಅನ್ನಿಸಿತು. ನಲ್ಲಿ ಸೋರಿದರೆ ಮೇಲಿನ ತೊಟ್ಟಿಯ ನೀರು ನಿಲ್ಲಿಸುವುದಿಲ್ಲವೇ? ಹಾಗೇ ಇದೂ ಅಂದುಕೊಂಡ. ಬ್ರೆಡ್ಡಿನ ತಟ್ಟೆಗಳನ್ನು ಭಟ್ಟಿಗೆ ತಳ್ಳಿ ಅಂಗಡಿಗೆ ಬಂದು ನಿಂತ. ಹಿಂದಿನಿಂದ ಬನ್ನು ಅಳುವುದು ಕೇಳಿಸುತ್ತಿತ್ತು. ಹತ್ತು ಗಂಟೆ ಹೊತ್ತಿಗೆ ಆ ಅಳುವೂ ಸಣ್ಣದಾಯಿತು. ನಿದ್ದೆ ಹತ್ತುತ್ತಿದೆ ಎಂದು ಅವನಿಗೆ ಸಮಾಧಾನವೇ ಆಯಿತು.

ಅಷ್ಟರಲ್ಲಿ ಆರೋಗ್ಯ ಕೇಂದ್ರದ ನರ್ಸಕ್ಕ ಬಂದಳು. ಹಿಂದಿನ ಬೀದಿಯ ಎರಡು ಕೋಣೆಯ ಕೇಂದ್ರ ಅವಳದು. ವಾರಕ್ಕೆ ಮೂರು ದಿನ ಇಲ್ಲೇ ಬ್ರೆಡ್ಡು ಒಯ್ಯುತ್ತಿದ್ದಳು. ಪೊಟ್ಟಣಕ್ಕೆ ಕೈ ಚಾಚಿದವಳು ಹಾಗೇ ನಿಂತು ಕಿವಿಗೊಟ್ಟಳು.

"ಅಣ್ಣ, ಒಳಗೆ ಅಳ್ತಿರೋದು ಯಾರು?"

"ನಮ್ಮ ಬನ್ನು. ಹೊಟ್ಟೆ ಸ್ವಲ್ಪ ಕೆಟ್ಟಿದೆ ಅಷ್ಟೇ."

"ಸ್ವಲ್ಪ ಅಂದ್ರೆ ಎಷ್ಟು ಸಲ?"

"ನಿನ್ನೆ ಸಂಜೆಯಿಂದ ಆರೋ ಏಳೋ…"

ನರ್ಸಕ್ಕ ಉತ್ತರ ಮುಗಿಯುವವರೆಗೂ ಕಾಯಲಿಲ್ಲ. ಅಡ್ಡಹಲಗೆ ಎತ್ತಿ ಸೀದಾ ಒಳಗೆ ನಡೆದಳು.

ಬನ್ನು ಅಜ್ಜಿಯ ಮಡಿಲಲ್ಲಿದ್ದಳು. ಬಾಯಿ ಅಗಲಿಸಿ ಅಳುತ್ತಿದ್ದಳು. ಮುಖವೆಲ್ಲ ಕಿವುಚಿಕೊಂಡಿತ್ತು. ಆದರೆ ಕೆನ್ನೆ ಒಣಗಿತ್ತು. ನರ್ಸಕ್ಕ ಮಗುವಿನ ಕಣ್ಣ ಕೆಳಗೆ ಬೆರಳಾಡಿಸಿ, ಬೆರಳನ್ನು ಬೇಕರಿಯವನಿಗೆ ತೋರಿಸಿದಳು.

"ನೋಡಿ. ಇಷ್ಟು ಅಳ್ತಿದ್ದಾಳೆ, ಒಂದು ಹನಿ ಕಣ್ಣೀರಿಲ್ಲ."

ಬೇಕರಿಯವನು ಬಗ್ಗಿ ನೋಡಿದ. ಕಣ್ಣುಗಳು ಗುಳಿಬಿದ್ದಿದ್ದವು. ಬೆಳಗಿನಿಂದ ಹತ್ತು ಸಲ ನೋಡಿದ ಮುಖ. ಈಗಲೇ ಮೊದಲ ಸಲ ಕಂಡಂತಾಯಿತು. ನರ್ಸಕ್ಕ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು. ಚರ್ಮ ಹಿಡಿದಂತೆಯೇ ಮಡಿಕೆಯಾಗಿ ನಿಂತು, ಆಮೇಲೆ ಮೆಲ್ಲಗೆ ಇಳಿಯಿತು.

"ಉಚ್ಚೆ ಯಾವಾಗ ಹೊಯ್ದಳು?"

ಅಜ್ಜಿ ಮಗನ ಮುಖ ನೋಡಿದಳು. ಮಗ ತಾಯಿಯ ಮುಖ ನೋಡಿದ. ಇಬ್ಬರಿಗೂ ನೆನಪಿರಲಿಲ್ಲ.

"ಮೈಯಲ್ಲಿ ನೀರು ಬತ್ತಿಹೋಗಿದೆ ಅಣ್ಣ. ಮಕ್ಕಳ ಮೈ ಚಿಕ್ಕದು, ಬೇಗ ಬತ್ತುತ್ತೆ. ಅದರ ಮೇಲೆ ಈ ಸೆಕೆ ಬೇರೆ. ಎತ್ಕೊಳ್ಳಿ, ಕೇಂದ್ರಕ್ಕೆ ನಡೀರಿ. ಇವತ್ತು ಮಧ್ಯಾಹ್ನದವರೆಗೆ ಹೀಗೇ ಬಿಟ್ಟಿದ್ರೆ ನಾನು ಏನು ಹೇಳ್ತಿದ್ದೆನೋ ಗೊತ್ತಿಲ್ಲ."

ಬೇಕರಿಯವನು ಮಗುವನ್ನು ಎತ್ತಿಕೊಂಡು ಓಡಿದ. ಅಜ್ಜಿ ಹಿಂದೆ ಓಡಿದಳು. ಭಟ್ಟಿಯಲ್ಲಿ ಬ್ರೆಡ್ಡು ಇರುವುದು ಯಾರಿಗೂ ನೆನಪಾಗಲಿಲ್ಲ. ಪಕ್ಕದ ಇಸ್ತ್ರಿ ಅಂಗಡಿಯವಳಿಗೆ ಮಾತ್ರ, "ನನ್ನ ಹೆಂಡತಿಗೆ ಫೋನ್ ಮಾಡು" ಎಂದು ಕೂಗಿದ.

ಕೇಂದ್ರದಲ್ಲಿ ನರ್ಸಕ್ಕ ಮೊದಲು ಒಂದು ಚಮಚ ನೀರನ್ನು ಬನ್ನುವಿನ ತುಟಿಗೆ ಹಿಡಿದಳು. ಮಗು ಚಮಚವನ್ನೇ ಕಚ್ಚಿ ಹಿಡಿಯಿತು.

"ಕುಡೀತಾಳೆ! ಸದ್ಯ. ಕುಡಿಯೋಕೂ ತ್ರಾಣ ಇಲ್ಲದಿದ್ರೆ ಈಗಿಂದೀಗಲೇ ದೊಡ್ಡಾಸ್ಪತ್ರೆಗೆ ಓಡಬೇಕಿತ್ತು."

ತೂಕ ನೋಡಿದಳು. ಒಂಬತ್ತು ಕಿಲೋ. ಡಾಕ್ಟರಿಗೆ ಫೋನ್ ಮಾಡಿ ಲಕ್ಷಣವೆಲ್ಲ ಹೇಳಿದಳು. ನಾಲ್ಕು ತಾಸಿನೊಳಗೆ ಒಆರ್‌ಎಸ್ ನೀರನ್ನು ಮುಕ್ಕಾಲು ಲೀಟರಿಗೆ ತುಸು ಕಡಿಮೆ ಕುಡಿಸಿ, ಸುಧಾರಿಸದಿದ್ದರೆ ಕೂಡಲೇ ಗಾಡಿ ಕರೆಸಿ ಎಂದರು ಅವರು. ನರ್ಸಕ್ಕ ಸೋಪು ಹಚ್ಚಿ ಕೈ ತೊಳೆದು, ಕಾಯಿಸಿ ಆರಿಸಿದ ಒಂದು ಲೀಟರ್ ನೀರು ಅಳೆದು, ಒಂದು ಪೊಟ್ಟಣ ಕತ್ತರಿಸಿದಳು. ಮೇಲೆ ಒಆರ್‌ಎಸ್ ಎಂದು ಬರೆದಿತ್ತು.

"ಅಕ್ಕ, ನೀರು ಅರ್ಧ ಹಾಕಿ" ಅಂದ ಬೇಕರಿಯವನು. "ಗಟ್ಟಿಯಾಗಿದ್ರೆ ಬೇಗ ಕೆಲಸ ಮಾಡುತ್ತೆ."

"ನಿಮ್ಮ ಹಿಟ್ಟಿಗೆ ಎರಡು ಪಟ್ಟು ಉಪ್ಪು ಹಾಕ್ತೀರಾ?"

"ಛೆ, ಹಾಕಿದ್ರೆ ಹಿಟ್ಟು ಏಳೋದೇ ಇಲ್ಲ."

"ಇದೂ ಹಾಗೇ. ಗಟ್ಟಿ ಮಾಡಿದ್ರೆ ಮಗುವಿಗೇ ಅಪಾಯ. ತೆಳ್ಳಗೆ ಮಾಡಿದ್ರೆ ಸಾಲಲ್ಲ. ಲೀಟರ್ ಪೊಟ್ಟಣಕ್ಕೆ ಒಂದೇ ಲೀಟರ್ ನೀರು. ಕಣ್ಣಂದಾಜು ಇಲ್ಲಿ ನಡಿಯಲ್ಲ."

ಅಳತೆಯ ಮಾತು ಅವನಿಗೆ ಅರ್ಥವಾಯಿತು. ಚಮಚ ಅವನ ಕೈಗೆ ಬಂತು. ನಿಮಿಷಕ್ಕೊಂದು ಚಮಚ.

ಹತ್ತನೇ ಚಮಚಕ್ಕೆ ಬನ್ನು ಎಲ್ಲವನ್ನೂ ಅವನ ಅಂಗಿಯ ಮೇಲೆ ವಾಂತಿ ಮಾಡಿದಳು.

"ನಾನು ಹೇಳಲಿಲ್ವಾ!" ಅಂದಳು ಅಜ್ಜಿ. "ನಿಲ್ಲಿಸೋ, ಮಗು ತಡಿಯಲ್ಲ."

ಬೇಕರಿಯವನು ಚಮಚ ಕೆಳಗಿಟ್ಟ.

"ನಿಲ್ಲಿಸೋದಲ್ಲ ಅಜ್ಜಿ, ಹತ್ತು ನಿಮಿಷ ಸುಧಾರಿಸ್ಕೊಳ್ಳೋದು" ಅಂದಳು ನರ್ಸಕ್ಕ. "ಆಮೇಲೆ ಇನ್ನೂ ನಿಧಾನವಾಗಿ, ಎರಡು ಮೂರು ನಿಮಿಷಕ್ಕೊಂದು ಚಮಚ. ನೀವು ಹೇಳಿದ್ದೂ ನಮ್ಮ ಅಜ್ಜಿ ಹೇಳ್ತಿದ್ದದ್ದೂ ಒಂದೇ. ಪ್ರೀತಿಯಿಂದಲೇ ಹೇಳ್ತಿದ್ರು. ಆದ್ರೆ ಹೋಗ್ತಿರೋ ನೀರನ್ನ ನಾವು ವಾಪಸ್ ಹಾಕದಿದ್ರೆ ಮಗು ಎಲ್ಲಿಂದ ತರಬೇಕು?"

ಅಜ್ಜಿ ಸೆರಗಿನಿಂದ ಮಗುವಿನ ಬಾಯಿ ಒರೆಸಿದಳು.

ಅಷ್ಟು ಹೊತ್ತಿಗೆ ಹೆಂಡತಿ ಏದುಸಿರು ಬಿಡುತ್ತ ಬಂದಳು. ಅಳತೆಯ ಟೇಪು ಇನ್ನೂ ಅವಳ ಕುತ್ತಿಗೆಯಲ್ಲೇ ಇತ್ತು. ಬೇಕರಿಯವನು ತಲೆ ತಗ್ಗಿಸಿ, "ನಿನ್ನೆ ಬಾಟಲಿ ಹಾಲು ಎರಡು ಗಂಟೆಗೆ ಕುಡಿಸಿದೆ ಕಣೇ" ಅಂದ. ಅವಳು ಅವನನ್ನು ಒಂದು ಗಳಿಗೆ ನೋಡಿದಳು. ಬೈಯುವುದಕ್ಕೆ ಬಾಯಿ ತೆರೆದವಳು ಮಗುವನ್ನು ನೋಡಿ, ಪಕ್ಕದಲ್ಲಿ ಕೂತು ಲೋಟ ಹಿಡಿದಳು. ನಡುನಡುವೆ ನರ್ಸಕ್ಕ ಹೇಳಿದಂತೆ ಎದೆಹಾಲನ್ನೂ ಕೊಟ್ಟಳು.

"ಈ ಪುಡಿಯಲ್ಲಿ ಅಂಥದ್ದೇನಿದೆ ಅಕ್ಕ?" ಕೇಳಿದ ಬೇಕರಿಯವನು.

"ಸಕ್ಕರೆ, ಉಪ್ಪು, ಇನ್ನೆರಡು ಲವಣ. ಭೇದಿ ಆಗ್ತಿರುವಾಗ ಬರೀ ನೀರು ಕರುಳಲ್ಲಿ ನಿಲ್ಲೋದು ಕಷ್ಟ. ಸಕ್ಕರೆ ಉಪ್ಪಿನ ಕೈ ಹಿಡ್ಕೊಂಡು ಒಳಗೆ ಹೋಗುತ್ತೆ, ಅವೆರಡರ ಹಿಂದೆ ನೀರು ಹೋಗುತ್ತೆ. ಎಷ್ಟು ಭೇದಿ ಆಗ್ತಿದ್ರೂ ಆ ಒಂದು ಬಾಗಿಲು ತೆರೆದೇ ಇರುತ್ತೆ."

ಬೇಕರಿಯವನು ಕೈಯಲ್ಲಿದ್ದ ಚಮಚವನ್ನು ನೋಡಿದ. ಹದಿನೈದು ವರ್ಷದಿಂದ ಸಕ್ಕರೆ ಮೂಟೆ ಹೊತ್ತಿದ್ದ, ಉಪ್ಪು ಅಳೆದಿದ್ದ. ಅವೆರಡೂ ಸೇರಿ ಇಂಥದ್ದೊಂದು ಗುಟ್ಟು ಇಟ್ಟುಕೊಂಡಿವೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

ಒಂದು ಗಂಟೆ ಕಳೆಯಿತು. ಮತ್ತೆ ವಾಂತಿ ಆಗಲಿಲ್ಲ. ಎರಡು ಗಂಟೆ ಕಳೆಯಿತು. ನರ್ಸಕ್ಕ ಹೊಟ್ಟೆಯ ಚರ್ಮ ಹಿಡಿದು ಬಿಟ್ಟಳು. ಈ ಸಲ ಅದು ಬೇಗನೆ ಇಳಿಯಿತು. ಬನ್ನು ಸುತ್ತ ಕಣ್ಣಾಡಿಸಿದಳು. ಗೋಡೆಯ ಮೇಲಿನ ಹಲ್ಲಿಗೆ ಬೆರಳು ತೋರಿಸಿದಳು.

ಮೂರನೇ ಗಂಟೆಯಲ್ಲಿ ನರ್ಸಕ್ಕ ಲೋಟ ತುಂಬಿಸಲು ಅತ್ತ ತಿರುಗಿದಳು. ಲೋಟ ಕಣ್ಮರೆಯಾದದ್ದೇ ತಡ, ಬನ್ನುವಿಗೆ ಎಲ್ಲಿಲ್ಲದ ಸಿಟ್ಟು ಬಂತು. ಕಾಲು ಝಾಡಿಸಿ, ಕೋಣೆ ಹಾರಿಹೋಗುವಂತೆ ಅತ್ತಳು. ಹಾಗೆ ಅಳುವಾಗ ಬಲಗಣ್ಣಿನ ಮೂಲೆಯಲ್ಲಿ ಏನೋ ಮಿನುಗಿತು. ತುಂಬಿತು. ಕೆನ್ನೆಯ ಮೇಲೆ ಉರುಳಿತು.

"ಕಣ್ಣೀರು!" ಅಂದಳು ಹೆಂಡತಿ. ಅವಳ ಸ್ವರ ಪಿಸುಮಾತಿಗಿಂತ ಮೇಲೇರಲಿಲ್ಲ.

ನಾಲ್ಕು ಜನ ದೊಡ್ಡವರು ಒಂದು ಹನಿಯ ಸುತ್ತ ಬಗ್ಗಿ ನಿಂತರು. ಅಜ್ಜಿ ಬೆರಳ ತುದಿಯಿಂದ ಅದನ್ನು ಮುಟ್ಟಿದಳು. ಒರೆಸುವುದಕ್ಕೆ ಅವಳಿಗೆ ಮನಸ್ಸು ಬರಲಿಲ್ಲ. ಇನ್ನೊಂದು ಹನಿ ಬಂತು, ಮತ್ತೊಂದು. ಮಗು ಅಳುತ್ತಿತ್ತು, ಯಾರೂ ಸಮಾಧಾನ ಮಾಡಲಿಲ್ಲ. ಬೇಕರಿಯವನಿಗೆ ಮೈ ಜುಮ್ಮೆಂದಿತು. ತಾನು ಚಮಚದಲ್ಲಿ ಹಾಕಿದ ನೀರು ಒಳಗೆಲ್ಲ ಸುತ್ತಿ, ಬತ್ತಿದ್ದ ಮೂಲೆಮೂಲೆಗೂ ಹೋಗಿ, ಕೊನೆಗೆ ಕಣ್ಣಿನವರೆಗೂ ಏರಿ ಬಂದಿದೆ! ಇಷ್ಟು ಪುಟ್ಟ ಮೈಯಲ್ಲಿ ಇಷ್ಟು ದೊಡ್ಡ ಕೆಲಸ ಸದ್ದಿಲ್ಲದೆ ನಡೆದುಹೋಗಿತ್ತು. ಅವನು ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದ.

ಅಷ್ಟರಲ್ಲಿ ಅವನ ತೊಡೆ ಬೆಚ್ಚಗಾಯಿತು. ಪಂಚೆ ಒದ್ದೆಯಾಯಿತು.

"ಏಳಿ, ಏಳಿ" ಅಂದಳು ಹೆಂಡತಿ.

"ಇರಲಿ ಬಿಡೇ" ಅಂದ ಅವನು. ಕೂತಲ್ಲಿಂದ ಅಲುಗಾಡಲಿಲ್ಲ. ನರ್ಸಕ್ಕ ಜೋರಾಗಿ ನಕ್ಕಳು. ಆ ದಿನ ಅವಳು ನಕ್ಕದ್ದು ಅದೇ ಮೊದಲು.

ಸಂಜೆ ಅವರು ಮನೆಗೆ ಹೊರಟಾಗ ನರ್ಸಕ್ಕ ಎರಡು ಪೊಟ್ಟಣ, ಜಿಂಕ್ ಮಾತ್ರೆಯ ಹಾಳೆ ಕೊಟ್ಟಳು. "ಪ್ರತಿ ಸಲ ಭೇದಿ ಆದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ ಕುಡಿಸಿ. ಕಲಸಿದ್ದನ್ನ ಮುಚ್ಚಿಡಿ, ಒಂದು ದಿನ ದಾಟಿದ್ರೆ ಚೆಲ್ಲಿ. ಭೇದಿ ನಿಂತರೂ ಮಾತ್ರೆ ಹದಿನಾಲ್ಕು ದಿನವೂ ಕೊಡಿ. ಊಟ ನಿಲ್ಲಿಸಬೇಡಿ. ಹಾಲು ಆಗ ಕಾಯಿಸಿ ಆಗಲೇ ಕೊಡಿ. ಬಾಟಲಿ ಬೇಡ, ಲೋಟ ಚಮಚ ಸಾಕು."

"ಒಂದು ಮಾತು ಮರೆತೆ" ಅಂದಳು ಅಜ್ಜಿ, ಬಾಗಿಲಲ್ಲಿ ನಿಂತು. "ಪೊಟ್ಟಣ ಇನ್ನೆರಡು ಕೊಡ್ತೀಯಾ ತಾಯಿ? ಪಕ್ಕದ ಇಸ್ತ್ರಿಯವಳ ಮನೆಯಲ್ಲೂ ಎರಡು ಮಕ್ಕಳಿವೆ. ಅವಳಿಗೆ ನಾನೇ ಹೇಳಿಕೊಡ್ತೀನಿ."

ಇದನ್ನು ಓದುತ್ತಿರುವ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರೇ, ನಿಮ್ಮಲ್ಲೊಂದು ಮಾತು. ಬೇಸಿಗೆಯಲ್ಲಿ ಮಗುವಿಗೆ ಭೇದಿಯಾದರೆ ನೀರು ನಿಲ್ಲಿಸಬೇಡಿ. ಮೊದಲ ಸಲದಿಂದಲೇ ಒಆರ್‌ಎಸ್ ಕುಡಿಸಿ. ಎದೆಹಾಲು ಕುಡಿಯುವ ಮಗುವಿಗೆ ಅದನ್ನು ಇನ್ನೂ ಹೆಚ್ಚು ಸಲ ಕೊಡಿ. ಮಗು ಮಂಕಾದರೆ, ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಭೇದಿಯಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಆರು ತಾಸು ಕಳೆದರೂ ಉಚ್ಚೆ ಹೊಯ್ಯದಿದ್ದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದಾರಿಯುದ್ದಕ್ಕೂ ಕುಡಿಯುವಷ್ಟು ಕುಡಿಸುತ್ತಿರಿ.

ಈಗ ಈ ಹಾಳೆ ಪಕ್ಕಕ್ಕಿಟ್ಟು ಎದ್ದು ನೋಡಿ: ನಿಮ್ಮ ಮನೆಯಲ್ಲಿ ಒಂದು ಪೊಟ್ಟಣ ಇದೆಯೇ? ಒಂದು ಲೀಟರ್ ಅಳೆಯುವ ಪಾತ್ರೆ ಯಾವುದೆಂದು ಎಲ್ಲರಿಗೂ ಗೊತ್ತಿದೆಯೇ? ಇಲ್ಲದಿದ್ದರೆ ನಾಳೆ ಅನ್ನಬೇಡಿ. ಬಿಸಿಲು ಇವತ್ತೇ ಇದೆ.