ಗುಲಾಬಿ ಸೋಪು

"ಉಗುರಿನ ಸಂದಿಲೂ ಉಜ್ಜಿ. ಅಷ್ಟು ಸುಲಭಕ್ಕೆ ಬಿಡೋ ವಾಸನೆ ಅಲ್ಲ ಅದು," ಎನ್ನುತ್ತ ನಾದಿನಿ ತಾನೇ ತಂದಿದ್ದ ಗುಲಾಬಿ ಸೋಪನ್ನು ಸತ್ತವಳ ಕೈಗೆ ಮತ್ತೊಮ್ಮೆ ಹಚ್ಚಿಸಿದಳು. ಉಜ್ಜುತ್ತಿದ್ದವಳು ಪಕ್ಕದ ಮನೆಯಾಕೆ. ನಾದಿನಿ ಮೂಗಿಗೆ ಕರ್ಚೀಫು ಒತ್ತಿಕೊಂಡು ಎರಡು ಮಾರು ದೂರ ನಿಂತಿದ್ದಳು.

ಅತ್ತಿಗೆ ಪ್ರಯೋಗಾಲಯದ ಇಲಿಗಳ ಕೆಲಸ ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಇಲಿ ವಾಸನೆ ಎಲ್ಲಿಂದ ಬರಬೇಕು? ಆದರೆ ನಾದಿನಿಯ ಮೂಗಿಗೆ ನಿವೃತ್ತಿ ಇರಲಿಲ್ಲ. ಅತ್ತಿಗೆ ಬಡಿಸಲು ಬಂದರೆ ಸಾಕು, ತಟ್ಟೆ ಸರಿಸಿಕೊಳ್ಳುತ್ತಿದ್ದ ಹೆಂಗಸು ಅವಳು. ಬಾಗಿಲಲ್ಲಿ ನಿಂತಿದ್ದ ಸತ್ತವಳ ಮಗಳಿಗೆ ಆ ಮೂಗನ್ನು ನೋಡಿಯೇ ಹೇಸಿಗೆಯಾಯಿತು.

"ಆದ್ರೂ ಒಂದೊಂದು ದಿನ ಘಮಘಮ ಅಂತ ಬರ್ತಿದ್ಲು, ಇದೇ ಸೋಪು," ಎಂದಳು ನಾದಿನಿ. "ಆವತ್ತು ಅವಳ ಕೈಲೇ ಬಡಿಸ್ಕೊಂಡು ತಿಂತಿದ್ದೆ. ಇಲ್ಲ ಅನ್ನಲ್ಲ."

*

ಮಗಳು ಚಿಕ್ಕವಳಿದ್ದಾಗ ಒಮ್ಮೆ ಅಮ್ಮನ ಪ್ರಯೋಗಾಲಯಕ್ಕೆ ಹೋಗಿದ್ದಳು. ಪಂಜರಗಳಿಂದ ಉಚ್ಚೆಯ ಘಾಟು ಬರುತ್ತಿತ್ತು. ಅಮ್ಮ ಎಡಗೈಯಲ್ಲಿ ಇಲಿಯ ಕತ್ತಿನ ಚರ್ಮ ಹಿಡಿದು, ಬಾಲವನ್ನು ಕಿರುಬೆರಳಿಗೆ ಸಿಕ್ಕಿಸಿ, ಅಂಗಾತ ತಿರುಗಿಸಿದಳು. ಕೂದಲು ತೆಗೆದ ಎದೆಗೆ ಬೆಚ್ಚಗಿನ ಜೆಲ್ ಹಚ್ಚಿ ಸ್ಕ್ಯಾನಿಂಗ್ ಕಡ್ಡಿ ಇಟ್ಟಳು. ಕಡಲೆಕಾಳಿನಷ್ಟು ಹೃದಯ ಪರದೆಯ ಮೇಲೆ ಅಂಗೈಯಗಲವಾಗಿ ಬಡಿದುಕೊಳ್ಳುತ್ತಿತ್ತು.

"ಮಂಪರು ಕೊಡಲ್ವಾ ಅಮ್ಮ?"

"ಕೊಟ್ರೆ ಎದೆಬಡಿತ ನಿಧಾನ ಆಗುತ್ತೆ, ಅಳತೆ ಸುಳ್ಳಾಗುತ್ತೆ. ಹೆದರಿದ್ರೂ ಸುಳ್ಳೇ. ಅದಕ್ಕೇ ದಿನಾ ಹಿಡಿದು ರೂಢಿ ಮಾಡ್ಸೋದು. ಕೈ ವಾಸನೆ ಗುರುತಾದ್ರೆ ಸುಮ್ನಿರುತ್ತೆ."

"ಅದಕ್ಕೇನಾ ನೀನು ವಾಸನೆ ಸೋಪು ಹಾಕದೇ ಇರೋದು?"

"ಹೂಂ."

"ಒಂದೊಂದು ದಿನ ಹಾಕ್ತೀಯಲ್ಲ?"

ಅಮ್ಮ ಕಡ್ಡಿಯನ್ನು ಸ್ವಲ್ಪ ಸರಿಸಿದಳು. ಪರದೆಯನ್ನೇ ನೋಡುತ್ತಿದ್ದಳು.

*

ಅಮ್ಮನ ಜೊತೆ ಪಂಜರ ನೋಡಿಕೊಳ್ಳುತ್ತಿದ್ದ ಮುದುಕ ಕೊನೆಯ ದರ್ಶನಕ್ಕೆ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ಈ ಸೋಪು ಯಾಕೆ ಹಾಕಿದ್ರಿ?"

"ಯಾಕೆ, ಅವಳೇ ಹಾಕ್ತಿದ್ಲಲ್ಲ," ಎಂದಳು ನಾದಿನಿ.

"ಇಲಿಗಳನ್ನ ಮುಗಿಸೋ ದಿನ ಹಾಕೋರು," ಎಂದ ಮುದುಕ. "ಸ್ಕ್ಯಾನ್ ಎಲ್ಲ ಆದ್ಮೇಲೆ ಕತ್ತು ಮುರಿದು ಹೃದಯ ತೆಗೀಬೇಕಿತ್ತು. ಆವತ್ತು ಬೆಳಿಗ್ಗೇನೇ ಮೊಣಕೈವರೆಗೂ ಇದನ್ನ ಹಚ್ಕೊಳ್ಳೋರು. ಗುರುತಿರೋ ಕೈಲಿ ಅವು ಸಾಯೋದು ಬೇಡ ಅನ್ನೋರು. ಸಂಜೆ ಈ ವಾಸನೆಗೆ ಅವರಿಗೇ ವಾಂತಿ ಬರೋದು."

ನಾದಿನಿಯ ಮುಖ ಹುಳ್ಳಗಾಯಿತು. ಅವಳ ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಯಿತು. ಮಗಳು ಸೋಪಿನ ಕಡೆ ನೋಡಿದಳು. ಆ ರಾತ್ರಿಗಳಲ್ಲಿ ಅವಳೂ ಅಮ್ಮನ ಕೈ ಮೂಸುತ್ತ ನಿದ್ದೆ ಹೋಗುತ್ತಿದ್ದಳು.

ಹೊರಗೆ ಹೆಣ ಸಾಗಿಸುವ ಗಾಡಿ ಬಂದು ನಿಂತಿತು. ಮಗಳು ಸೋಪನ್ನು ಎತ್ತಿ ಕಿಟಕಿಯಿಂದ ಆಚೆ ಎಸೆದಳು.

"ಅಮ್ಮ ಈ ವಾಸನೇಲಿ ಹೋಗಲ್ಲ ಅತ್ತೆ."

"ಗಾಡಿಯವರು ಕಾಯ್ತಿದಾರೆ ಕಣೇ."

"ಕಾಯಲಿ."

ಚೊಂಬಿನಲ್ಲಿ ಬರೀ ನೀರು ತಂದು ಅಮ್ಮನ ಒಂದೊಂದೇ ಬೆರಳು ತಿಕ್ಕಿ ತೊಳೆದಳು. ಬಗ್ಗಿ ಮೂಸಿದಳು. ಇನ್ನೂ ಗುಲಾಬಿ. ಖಾಲಿ ಚೊಂಬು ಹಿಡಿದು ಮತ್ತೆ ಬಚ್ಚಲಿಗೆ ನಡೆದಳು.