ಎಡಗಾಲಿನ ಹಿಮ್ಮಡಿ

ಬಾಗಿಲಿನ ಚಿಲಕ ತೆಗೆಯುವ ಮುಂಚೆ ತಮ್ಮ ತನ್ನ ಎಡಗಾಲಿನ ಹಿಮ್ಮಡಿ ಎತ್ತುತ್ತಿದ್ದ. ನೀರಿನ ಲೋಟ ಹಿಡಿಯುವಾಗಲೂ ಅಷ್ಟೇ, ಬಾಚಣಿಗೆ ಎತ್ತಿಕೊಳ್ಳುವಾಗಲೂ ಅಷ್ಟೇ. ಮೊದಲು ಹಿಮ್ಮಡಿ ನೆಲ ಬಿಡಬೇಕು, ಆಮೇಲೆ ಕೈ ಮುಂದೆ ಹೋಗಬೇಕು. ಮುಂದೆ ಹೋಗಲು ಇದ್ದದ್ದೂ ಒಂದೇ ಕೈ, ಎಡಗೈ. ಬಲಗೈ ಮಣಿಕಟ್ಟಿನಿಂದಾಚೆ ಇರಲಿಲ್ಲ. ಮನೆಯ ಲೈಟಿನ ಸ್ವಿಚ್ಚನ್ನಂತೂ ಅವನು ಹಿಮ್ಮಡಿ ಎತ್ತಿಯೂ ಮುಟ್ಟುತ್ತಿರಲಿಲ್ಲ. ಅಕ್ಕ ಬಟ್ಟೆ ಕಾರ್ಖಾನೆಯಿಂದ ಬಂದು ದೀಪ ಹಾಕುವವರೆಗೆ ಮಬ್ಬುಗತ್ತಲಲ್ಲಿ ಹಾಗೇ ಕೂತಿರುತ್ತಿದ್ದ. ದಿನಾ ಇದನ್ನು ನೋಡಿ ನೋಡಿ ಅಕ್ಕನ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಈ ಹಿಮ್ಮಡಿಯ ವಿದ್ಯೆ ಕಲಿಸಿದ ಮಹಾನುಭಾವ ಚಪ್ಪಾಳೆ ಸಾರ್. ಕೆಲಸವಿಲ್ಲದ ಹುಡುಗರನ್ನು ಎಲೆಕ್ಟ್ರಿಷಿಯನ್ ಮಾಡಿ ಕೆಲಸಕ್ಕೆ ಹಚ್ಚಪ್ಪಾ ಎಂದು ಸರ್ಕಾರ ತರಬೇತಿ ಕೇಂದ್ರವೊಂದನ್ನು ಅವನ ಕೈಗೆ ಕೊಟ್ಟಿತ್ತು. ಮಾತಿಗೊಮ್ಮೆ ‘ಎಲ್ಲಿ, ಒಂದು ಚಪ್ಪಾಳೆ’ ಅನ್ನುತ್ತಿದ್ದುದರಿಂದ ಹುಡುಗರು ಆ ಹೆಸರಿಟ್ಟಿದ್ದರು. ಹಳೇ ಗೋದಾಮಿನ ಮೇಲಂತಸ್ತಿನಲ್ಲಿ ಕೇಂದ್ರ. ಗೋಡೆಗೆ ಒಂದು ದೊಡ್ಡ ಮರದ ಬೋರ್ಡು, ಅದರ ಮೇಲೆ ಸ್ವಿಚ್ಚು, ಹೋಲ್ಡರು, ಫ್ಯೂಸು, ಬಣ್ಣಬಣ್ಣದ ತಂತಿ. ಕರೆಂಟ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಇತ್ತು. ಕೇಳಿದರೆ, ‘ಮೊದಲು ಕೈ ಪಳಗಲಿ, ಕರೆಂಟ್ ಎಲ್ಲೂ ಓಡಿಹೋಗಲ್ಲ’ ಅನ್ನುತ್ತಿದ್ದ.

ದೊಡ್ಡವರು ಯಾರಾದರೂ ಭೇಟಿಗೆ ಬಂದ ದಿನ ಮಾತ್ರ ಬೋರ್ಡಿನ ಬಲ್ಬು ಉರಿಯುತ್ತಿತ್ತು. ಆಗ ಚಪ್ಪಾಳೆ ಸಾರ್ ಒಂದು ಕೈಯಲ್ಲಿ ಮೈಕು ಹಿಡಿದು, ಇನ್ನೊಂದು ಕೈಯ ಎರಡು ಬೆರಳಿನಿಂದ ಸಿಪ್ಪೆ ಸುಲಿದ ತಂತಿಗಳನ್ನು ಬರಿಗೈಯಲ್ಲಿ ಚಿವುಟಿ ಹಿಡಿಯುತ್ತಿದ್ದ. ಬಲ್ಬು ಉರಿಯುತ್ತಲೇ ಇರುತ್ತಿತ್ತು, ಅವನು ನಗುತ್ತಲೇ ಇರುತ್ತಿದ್ದ. ‘ನೋಡಿ, ನಮ್ಮ ಮಕ್ಕಳಿಗೆ ಕರೆಂಟ್ ಅಂದ್ರೆ ಹೆದರಿಕೇನೇ ಇಲ್ಲ. ಎಲ್ಲಿ, ಒಂದು ಚಪ್ಪಾಳೆ.’ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಈ ತಮ್ಮ. ಆಗ ತಟ್ಟಲು ಎರಡು ಕೈ ಇದ್ದವು.

ಕೋರ್ಸು ಮುಗಿದ ಮೇಲೆ ಹೊಸ ಕಟ್ಟಡವೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮೇಸ್ತ್ರಿ, ‘ತಂತೀಲಿ ಲೈನ್ ಬಂದಿದೆಯಾ ನೋಡೋ’ ಅಂದ. ತಮ್ಮ ತನ್ನ ಗುರುವಿನ ಹಾಗೆಯೇ ನಗುತ್ತಾ ಎರಡು ಬೆರಳಿನಿಂದ ಚಿವುಟಿ ನೋಡಿದ. ಲೈನ್ ಬಂದಿತ್ತು.

ಆಸ್ಪತ್ರೆಗೆ ಚಪ್ಪಾಳೆ ಸಾರ್ ಬಂದ. ಹುಡುಗ ಬದುಕಿದ್ದಾನೋ ಇಲ್ಲವೋ ಎಂಬ ಚಿಂತೆಗಿಂತ ಅವನು ಬಾಯಿ ಬಿಟ್ಟರೆ ಏನು ಗತಿ ಎಂಬ ಚಿಂತೆ ಸಾರ್‌ಗೆ ಹೆಚ್ಚಾಗಿತ್ತು. ಹಾಸಿಗೆಯ ಪಕ್ಕ ಕೂತು, ಬಹಳ ಪ್ರೀತಿಯಿಂದ ಕೇಳಿದ.

“ಮುಟ್ಟೋವಾಗ ಎಡಗಾಲಿನ ಹಿಮ್ಮಡಿ ಎತ್ತಿದ್ದೆ ತಾನೇ?”

“ಹಿಮ್ಮಡಿನಾ ಸಾರ್?”

“ನೋಡಿದ್ಯಾ, ಅಲ್ಲೇ ಎಡವಟ್ಟಾಗಿದೆ. ಹಿಮ್ಮಡಿ ನೆಲ ಬಿಟ್ಟಿದ್ರೆ ಏನೂ ಆಗಲ್ಲ. ನಾನು ಎತ್ತಿರ್ತೀನಲ್ಲಪ್ಪ, ನೀನು ಗಮನ ಕೊಟ್ಟಿಲ್ಲ. ಹೋಗ್ಲಿ ಬಿಡು, ನಿನ್ನ ತಪ್ಪು ಅಂತ ನಾನೇನೂ ಯಾರ ಹತ್ರಾನೂ ಹೇಳೋಕೆ ಹೋಗಲ್ಲ.”

ಇಷ್ಟು ಹೇಳಿ, ಹುಡುಗನ ತಲೆ ಸವರಿ, ಎದ್ದು ಹೋದ. ಮಂಚದ ಕಾಲಬಳಿ ಊಟದ ಡಬ್ಬಿ ಹಿಡಿದು ನಿಂತಿದ್ದ ಅಕ್ಕನನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಮೊದಮೊದಲು ಅವಳೂ ಇರಬಹುದೇನೋ ಅಂದುಕೊಂಡಿದ್ದಳು. ಬೀದಿಯ ಕೊನೆಯಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಮುದುಕನೊಬ್ಬನಿದ್ದ. ಬೀದಿಗೆಲ್ಲ ಅವನು ಫ್ಯಾನ್ ಮಾವ. ಅವನ ಮುಂದೆ ಹೇಳಿದಾಗ ಅವನು ಕೈಯಲ್ಲಿದ್ದ ಕೆಲಸ ಕೆಳಗಿಟ್ಟ.

“ಹಿಮ್ಮಡಿ ಎತ್ತಿದ್ರೆ ಕರೆಂಟ್ ಹೊಡೆಯಲ್ಲ ಅಂದನಾ? ಅವನನ್ನ ಇಲ್ಲಿಗೇ ಕರ್ಕೊಂಡು ಬಾ ತಾಯಿ, ಎರಡೂ ಹಿಮ್ಮಡಿ ಎತ್ತಿಸಿ ನೋಡೋಣ.”

ಅಕ್ಕ ಓಡಿ ಬಂದು ತಮ್ಮನಿಗೆ ಹೇಳಿದಳು. ಅವನು ನಂಬಲಿಲ್ಲ. “ಸಾರ್ ಹಿಡಿದಿದ್ದನ್ನ ಕಣ್ಣಾರೆ ನೋಡಿದ್ದೀನಿ ಅಕ್ಕ. ಬಲ್ಬು ಉರೀತಾ ಇತ್ತು. ತಪ್ಪು ನಂದೇ” ಅಂದ. ಇಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ಕೈ ತಿಂದದ್ದನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೋ ಏನೋ. ಕೈ ತಿಂದವನು ತಪ್ಪನ್ನೂ ಹುಡುಗನ ತಲೆಗೇ ಕಟ್ಟಿ ಹೋದನಲ್ಲ, ಅದು ಗಂಟಲಲ್ಲಿ ಇಳಿಯಲಿಲ್ಲ. ಅವನ ಬೆರಳಿಗೂ ಒಂದು ಸಲ ಗೊತ್ತಾಗಬೇಕು, ತಮ್ಮ ಅದನ್ನು ನಿಂತು ನೋಡಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಕಾರ್ಖಾನೆ ಬಿಟ್ಟು ಅವಳು ಅದೇ ಕೇಂದ್ರಕ್ಕೆ ಸೇರಿದಳು. ಹೆಣ್ಣುಮಕ್ಕಳು ಸೇರುವುದಿಲ್ಲವೆಂದು ಮೇಲಿನವರಿಂದ ಬೈಸಿಕೊಂಡಿದ್ದ ಚಪ್ಪಾಳೆ ಸಾರ್ ಅವಳನ್ನು ಎರಡೂ ಕೈ ಚಾಚಿ ಬರಮಾಡಿಕೊಂಡ. ಕಲಿಯಲು ಬಂದವಳ ಕೈಗೆ ಪೊರಕೆಯನ್ನೂ ಕೀಲಿಯನ್ನೂ ಕೊಟ್ಟ. ಬೆಳಗ್ಗೆ ಬಂದು ಗುಡಿಸಬೇಕು, ಭೇಟಿಯ ದಿನ ಬೋರ್ಡಿನ ಬಲ್ಬಿಗೆಂದು ಕಂಬದ ಬಳಿ ಇಟ್ಟಿದ್ದ ಸ್ವಿಚ್ಚು ಹಾಕಬೇಕು. ಹೆಣ್ಣುಮಗಳು ದೀಪ ಹಾಕಿದರೆ ಫೋಟೋ ಚೆನ್ನಾಗಿ ಬರುತ್ತದಂತೆ. ಹಾಗೆ ಗುಡಿಸುವಾಗಲೇ ಒಂದು ದಿನ ಬೋರ್ಡಿನ ಹಿಂದೆ ಪೊರಕೆಗೆ ಏನೋ ತಗಲಿತು. ಬಗ್ಗಿ ನೋಡಿದಳು. ಬೈಕಿನ ಹಳೇ ಬ್ಯಾಟರಿ.

ಬೋರ್ಡಿನ ಬಲ್ಬಿಗೆ ಬರುತ್ತಿದ್ದದ್ದು ಅದರ ಕರೆಂಟು. ಅದನ್ನು ಎಳೆಯ ಮಗು ಹಿಡಿದರೂ ಜುಮ್ ಅನ್ನುವುದಿಲ್ಲ. ಅವಳು ನೆಲದ ಮೇಲೆ ಕೂತು ಸ್ವಲ್ಪ ಹೊತ್ತು ಆ ಬ್ಯಾಟರಿಯನ್ನೇ ನೋಡಿದಳು. ತಮ್ಮನಿಗೆ ಹೇಳಬಹುದಿತ್ತು. ಅದನ್ನೂ ಅವನು ನಂಬುತ್ತಿರಲಿಲ್ಲ. ಅಂದಿನಿಂದ ಸಂಜೆಗಳನ್ನು ಫ್ಯಾನ್ ಮಾವನ ಅಂಗಡಿಯಲ್ಲಿ ಕಳೆಯತೊಡಗಿದಳು. ಕೇಂದ್ರದಲ್ಲಿ ಕಲಿಸದೇ ಇದ್ದದ್ದನ್ನೆಲ್ಲ ಅಲ್ಲಿ ಕಲಿತಳು. ಯಾತಕ್ಕೆ ಇಷ್ಟು ಅವಸರ ಎಂದು ಮಾವ ಕೇಳಿದರೆ, ಪರೀಕ್ಷೆ ಇದೆ ಮಾವ ಅಂದಳು.

ರಾಜಧಾನಿಯಿಂದ ಹಿರಿಯ ಅಧಿಕಾರಿ ಬರುವ ದಿನ ಗೊತ್ತಾಯಿತು. ಆ ಬೆಳಗ್ಗೆ ಅವಳು ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆರೆದಳು. ಬ್ಯಾಟರಿಯ ತಂತಿ ಕಳಚಿ, ಗೋಡೆಯ ಸಾಕೆಟ್ಟಿನಿಂದ ಬೋರ್ಡಿಗೆ ಲೈನ್ ಎಳೆದಳು. ಬ್ಯಾಟರಿಯ ಪುಟ್ಟ ಬಲ್ಬು ಇದಕ್ಕೆ ತಡೆಯುವುದಿಲ್ಲವೆಂದು ಮನೆಯ ಬಲ್ಬನ್ನೇ ತಂದು ಹಾಕಿದಳು. ಅವನು ಸತ್ತರೆ ಎಂಬ ಪ್ರಶ್ನೆಯನ್ನು ಅವಳು ತನಗೆ ತಾನೇ ಕೇಳಿಕೊಳ್ಳಲೂ ಇಲ್ಲ. ತಮ್ಮನಿಗೆ ಹಿಂದಿನ ದಿನವೇ ಹೇಳಿದ್ದಳು: “ನಾಳೆ ಬಾ. ನಿನ್ನ ಸಾರ್ ಹೆಂಗೆ ಹಿಡೀತಾರೆ ಇನ್ನೊಂದ್ಸಲ ನೋಡು.” ಎಲ್ಲಿ ತಪ್ಪಿದೆನೆಂದು ನೋಡಿಕೊಳ್ಳುವ ಆಸೆಗೆ ಪಾಪ ಅವನು ಒಪ್ಪಿಕೊಂಡಿದ್ದ.

ಅಧಿಕಾರಿ ಕನ್ನಡಕದ ಹೆಂಗಸು, ಹೆಚ್ಚು ಮಾತಿಲ್ಲ. ಮುಂದಿನ ಸಾಲಿನಲ್ಲಿ ಕೂತು ಆಕಳಿಕೆ ತಡೆಯುತ್ತಿದ್ದರು. ಹಿಂಬಾಗಿಲಿನ ಹತ್ತಿರ ತಮ್ಮ, ಬಲತೋಳನ್ನು ಅಂಗಿಯೊಳಗೆ ಮುಚ್ಚಿಕೊಂಡು ನಿಂತಿದ್ದ. ಚಪ್ಪಾಳೆ ಸಾರ್ ಕಣ್ಸನ್ನೆ ಮಾಡಿದ. ಅಕ್ಕ ಕಂಬದ ಬಳಿಯ ಸ್ವಿಚ್ಚು ಹಾಕಿದಳು. ಬಲ್ಬು ಎಂದಿಗಿಂತ ಬೆಳ್ಳಗೆ ಉರಿಯಿತು. ಅವನಿಗೆ ಅದು ತಿಳಿಯಲೇ ಇಲ್ಲ. ಮೈಕಿನ ಮುಂದೆ ನಿಂತಾಗ ಅವನಿಗೆ ತನ್ನ ದನಿ ಬಿಟ್ಟು ಬೇರೆ ಯಾವುದರ ಮೇಲೂ ಗಮನ ಇರುತ್ತಿರಲಿಲ್ಲ.

“ಕರೆಂಟ್‌ಗೆ ಹೆದರೋನು ಎಲೆಕ್ಟ್ರಿಷಿಯನ್ ಆಗೋಕಾಗಲ್ಲ ಮೇಡಂ. ನೋಡಿ.”

ಬೆರಳು ಮುಂದೆ ಹೋದವು. ಆಗ ಹಿಂದಿನಿಂದ ಒಂದು ಕೂಗು ಬಂತು.

“ಸಾರ್, ಮುಟ್ಟಬೇಡಿ. ಹಿಮ್ಮಡಿ. ಹಿಮ್ಮಡಿ ಎತ್ತೋದು ಮರೆತಿದ್ದೀರ.”

ಕುರ್ಚಿಗಳನ್ನು ತಳ್ಳಿಕೊಂಡು ತಮ್ಮ ಮುಂದಕ್ಕೆ ಬರುತ್ತಿದ್ದ. ಅವನು ಅಷ್ಟು ಹೊತ್ತೂ ನೋಡುತ್ತಿದ್ದದ್ದು ತಂತಿಯನ್ನಲ್ಲ, ಸಾರ್‌ನ ಪಾದವನ್ನು. ಎರಡೂ ಬೂಟು ನೆಲಕ್ಕೆ ಊರಿಕೊಂಡಿದ್ದವು. ಅಕ್ಕನಿಗೆ ನೆತ್ತಿಗೇರಿತು. ಈ ದಡ್ಡ ತನ್ನ ಕೈ ತಿಂದವನನ್ನೇ ಉಳಿಸಲು ಓಡಿ ಬರುತ್ತಿದ್ದಾನಲ್ಲ, ಇವನ ಕೆನ್ನೆಗೆ ಎರಡು ಬಾರಿಸಬೇಕು ಅನ್ನಿಸಿತು.

ಚಪ್ಪಾಳೆ ಸಾರ್‌ಗೆ ನಗು ಬಂತು. ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು ಅವನಿಗೆ ನೆನಪೇ ಇರಲಿಲ್ಲ. ಆ ಹುಡುಗ ಯಾರೆಂಬುದೂ ನೆನಪಿರಲಿಲ್ಲ.

“ಯಾವ ಹಿಮ್ಮಡಿನೋ ಮಾರಾಯ? ಇದರಲ್ಲಿ ಕರೆಂಟ್ ಎಲ್ಲಿದೆ, ಹೊಡೆಯೋಕೆ? ಬ್ಯಾಟರಿ ಕಣೋ ಅದು.”

ಮೈಕು ಅದನ್ನು ಇಡೀ ಕೋಣೆಗೆ ಹೇಳಿತು. ಹೇಳಿದ ಮೇಲೆ ಅವನ ಬಾಯಿ ತೆರೆದೇ ಉಳಿಯಿತು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ನೆಟ್ಟಗೆ ಕೂತರು.

“ಬ್ಯಾಟರಿನಾ? ಹಾಗಾದ್ರೆ ಇಲ್ಲಿ ಕಲಿತೋರು ಯಾರೂ ಕರೆಂಟ್ ಕಂಡೇ ಇಲ್ವಾ?”

ಅಂಗಿಯೊಳಗಿನ ತೋಳನ್ನು ತಮ್ಮ ಹೊರಗೆ ತೆಗೆದ.

“ನಾನು ಕಂಡಿದ್ದೀನಿ ಮೇಡಂ.”

ಅಕ್ಕ ಕಂಬ ಬಿಟ್ಟು ಬೋರ್ಡಿನ ಹತ್ತಿರ ಬಂದಳು. ಕುಪ್ಪಸದೊಳಗಿಂದ ಫ್ಯಾನ್ ಮಾವನ ಟೆಸ್ಟರ್ ತೆಗೆದು ತಂತಿಗೆ ಇಟ್ಟಳು. ಅದರ ಹಿಡಿಯೊಳಗೆ ಕೆಂಪು ದೀಪ ಹೊತ್ತಿತು. ಚಪ್ಪಾಳೆ ಸಾರ್ ಕೈಯನ್ನು ಎದೆಗೆ ಅವುಚಿಕೊಂಡು ಹಿಂದಕ್ಕೆ ಹಾರಿದ. ಮೈಕು ನೆಲಕ್ಕೆ ಬಿದ್ದು ಕಿರುಗುಟ್ಟಿತು.

“ಇವತ್ತು ಬ್ಯಾಟರಿ ಇಲ್ಲ ಸಾರ್” ಅಂದಳು. “ಹಿಡೀರಿ. ಎಡಗಾಲಿನ ಹಿಮ್ಮಡಿ ಎತ್ತಿದ್ರೆ ಏನೂ ಆಗಲ್ಲ ಅಂತ ನನ್ನ ತಮ್ಮನಿಗೆ ಹೇಳಿದ್ರಲ್ಲ. ಎತ್ತಿ ಹಿಡೀರಿ, ಅವನೂ ನೋಡ್ಲಿ.”

ಅವನು ಇನ್ನೂ ಹಿಂದಕ್ಕೆ ಸರಿದ. ಗೋಡೆ ಸಿಕ್ಕಿದ ಮೇಲೂ ಬೆನ್ನಿನಿಂದ ಅದನ್ನು ತಳ್ಳುತ್ತಿದ್ದ.

“ಹಿಮ್ಮಡಿ ಎತ್ತಿ ಸಾರ್.”

“ಸತ್ತುಹೋಗ್ತೀನಮ್ಮ” ಅಂದ ಅವನು, ಮೆಲ್ಲಗೆ. ಅವನ ಮುಖ ಹಿಂಡಿದ ಬಟ್ಟೆಯ ಹಾಗೆ ಆಗಿತ್ತು. ಅಕ್ಕ ಅದನ್ನು ಕಣ್ತುಂಬ ನೋಡಿದಳು. ಸಾಲಲಿಲ್ಲ, ಆದರೂ ನೋಡಿದಳು. ತಮ್ಮನೂ ನೋಡುತ್ತಿದ್ದ. ಒಮ್ಮೆ ಸಾರ್‌ನ ಪಾದದ ಕಡೆ, ಒಮ್ಮೆ ಮುಖದ ಕಡೆ.

“ಇದಕ್ಕೆ ಕರೆಂಟ್ ಕೊಟ್ಟಿದ್ದು ಯಾರು?” ಅಧಿಕಾರಿಯ ದನಿ ಗಡುಸಾಗಿತ್ತು.

“ನಾನು ಮೇಡಂ. ಕಲಿಯೋ ಬೋರ್ಡಿಗೆ ಲೈನ್ ಕೊಟ್ಟಿರಬೇಕು ಅಂತ ಸರ್ಕಾರ ಕೊಟ್ಟ ಪುಸ್ತಕದಲ್ಲೇ ಇದೆ.”

ಅಧಿಕಾರಿ ಅವಳನ್ನು ಬಹಳ ಹೊತ್ತು ನೋಡಿದರು. ಅವಳು ಲೈನ್ ಕೊಟ್ಟದ್ದು ಯಾಕೆಂದು ಅವರಿಗೆ ತಿಳಿದಂತಿತ್ತು. ಆಮೇಲೆ ಅವರು, “ಮೊದಲು ಅದನ್ನ ಆರಿಸು” ಎಂದಷ್ಟೇ ಹೇಳಿ ಚಪ್ಪಾಳೆ ಸಾರ್ ಕಡೆ ತಿರುಗಿದರು. ಅಂದೇ ಕೇಂದ್ರಕ್ಕೆ ಬೀಗ ಬಿತ್ತು. ಮೆಟ್ಟಿಲಿಳಿದು ಹೋಗುವಾಗ ಅವನಿಗೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಕ್ಕ, ತಮ್ಮ ಮನೆ ಸೇರಿದರು. ಹೊರಗೆ ಹೊತ್ತು ಇಳಿಯುತ್ತಿತ್ತು. ಅಕ್ಕ ಚಪ್ಪಲಿ ಬಿಟ್ಟು, ಬೋರ್ಡಿನಿಂದ ಕಳಚಿ ತಂದಿದ್ದ ಬಲ್ಬನ್ನು ಮತ್ತೆ ಹೋಲ್ಡರಿಗೆ ಹಾಕಿ, ಮಂಚದ ತುದಿಯಲ್ಲಿ ಕೂತಳು. ಬಾಗಿಲ ಬಳಿಯೇ ತಮ್ಮ ನಿಂತಿದ್ದ.

“ನಾನು ಕೂಗದೇ ಇದ್ದಿದ್ರೆ, ಅವರು ಮುಟ್ಟೋಷ್ಟರಲ್ಲಿ ನೀನು ಸ್ವಿಚ್ ಆರಿಸ್ತಾ ಇದ್ದೆ ಅಲ್ವಾ ಅಕ್ಕ?”

“ಇಲ್ಲ” ಅಂದಳು ಅಕ್ಕ.

ಅವನು ತಲೆ ತಗ್ಗಿಸಿದ. ಅವಳು ಸುಳ್ಳು ಹೇಳಬಹುದಿತ್ತು. ಆದರೆ ಈ ಹುಡುಗನ ಕಿವಿಗೆ ಬಿದ್ದ ಸುಳ್ಳು ಸಾಕು ಅನ್ನಿಸಿತ್ತು ಅವಳಿಗೆ.

“ಬ್ಯಾಟರಿ ಅಂತೆ” ಅಂದ ತಮ್ಮ. “ಹಾಗಾದ್ರೆ ನಾನು ಸರಿಯಾಗೇ ನೋಡಿದ್ದೆ. ಅವತ್ತೂ ಅವರು ಹಿಮ್ಮಡಿ ಎತ್ತಿರಲಿಲ್ಲ.”

ಒಳಗೆ ಪೂರ್ತಿ ಕತ್ತಲಾಗಿತ್ತು. ದೀಪ ಹಾಕಲು ಅಕ್ಕ ಎದ್ದಳು. ಅಷ್ಟರಲ್ಲಿ ಅವನೇ ಗೋಡೆಯ ಕಡೆ ನಡೆದು, ಎಡಗೈ ಚಾಚಿ ಸ್ವಿಚ್ಚು ಹಾಕಿದ. ಬೆಳಕು ಬಿದ್ದಾಗ ಅಕ್ಕ ಮೊದಲು ನೋಡಿದ್ದು ಅವನ ಕಾಲನ್ನು. ಎರಡೂ ಹಿಮ್ಮಡಿ ನೆಲದ ಮೇಲಿದ್ದವು.