ಕುಬೇರಪ್ಪನವರ ಕಿಸೆಗೊಂದು ಬ್ಯಾಟರಿ

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಮಳೆಗಾಲ ಬಂತೆಂದರೆ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಎದುರುಬದುರು ಮನೆಗಳ ನಡುವೆ ಒಂದು ಎತ್ತಿನಗಾಡಿಯೂ ಹಾಯಲಾರದಷ್ಟು ಇಕ್ಕಟ್ಟು. ಮೋಡ ಕವಿದರೆ ಸಂಜೆ ಆರೂವರೆಗೇ ಕತ್ತಲು. ಕಾಲ ಕೆಳಗೆ ಕಲ್ಲಿದೆಯೋ ನೀರಿದೆಯೋ ಗೊತ್ತಾಗುವುದಿಲ್ಲ.

ಅಂಥ ಒಂದು ಓಣಿಯಲ್ಲಿ ಕುಬೇರಪ್ಪ ಮತ್ತು ಸಂಗವ್ವ ಎಂಬ ದಂಪತಿ ಇದ್ದಾರೆ. ಕುಬೇರಪ್ಪನವರದು ಜೋಳ, ಕಡಲೆ ಮಾರುವ ಸಣ್ಣ ಅಂಗಡಿ. ವಯಸ್ಸು ಅರವತ್ತೊಂದು. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಇಬ್ಬರೂ ದಿನಕ್ಕೆ ನಾಲ್ಕು ಸಲ ಜಗಳಾಡುತ್ತಾರೆ, ಐದು ಸಲ ಕೂಡಿ ಚಹಾ ಕುಡಿಯುತ್ತಾರೆ.

ಅವರ ಎದುರು ಮನೆಯವಳು ರೆಹಮತ್‌ಬಿ. ಆಶಾ ಕಾರ್ಯಕರ್ತೆ. ಬಸುರಿ ಬಾಣಂತಿಯರನ್ನು ನೋಡಲು ಹೊತ್ತುಗೊತ್ತಿಲ್ಲದೆ ಓಣಿ ಓಣಿ ತಿರುಗುವವಳು. ಅವಳ ಚೀಲದ ಪಟ್ಟಿಗೆ ಬೆರಳುದ್ದದ ಒಂದು ಚಾರ್ಜಿಂಗ್ ಟಾರ್ಚ್ ಯಾವಾಗಲೂ ಸಿಕ್ಕಿಸಿರುತ್ತದೆ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಅನ್ನುತ್ತಾರೆ.

ಜೂನ್ ತಿಂಗಳ ಒಂದು ದಿನ ರೆಹಮತ್‌ಬಿ ಜೋಳ ಒಯ್ಯಲು ಅಂಗಡಿಗೆ ಬಂದಳು. ಕುಬೇರಪ್ಪನವರು ಆ ಟಾರ್ಚ್ ನೋಡಿ ನಕ್ಕರು.

“ಏನ್ ರೆಹಮತ್‌ಬಿ, ಇನ್ನೂ ಬ್ಯಾಟ್ರಿ ಇಟ್ಕೊಂಡು ಅಡ್ಡಾಡ್ತಿಯಲ್ಲ? ಮೊಬೈಲ್‌ನ್ಯಾಗ ಬೆಳಕು ಬಂದು ಎಷ್ಟ್ ವರ್ಷಾತು!”

“ಮೊಬೈಲ್ ಮಾತಾಡಾಕ ಇರಲಿ ಕಾಕಾ. ಬೆಳಕಿಗೆ ಬ್ಯಾರೆ ಇದ್ರ ಛಲೋ. ನೀವೂ ಒಂದು ತಗೋರಿ. ದಿನಾ ಸಂಜಿಮುಂದ ಒಬ್ಬರ ಬರ್ತೀರಿ.”

“ನಾ ಏನ್ ಕಾವಲುಗಾರನೇನು? ಈ ಓಣ್ಯಾಗ ಹುಟ್ಟಿ ಬೆಳದಾಂವ. ಕಣ್ಣು ಮುಚ್ಚಿ ಮನಿ ಮುಟ್ಟತೇನಿ.”

ರೆಹಮತ್‌ಬಿ ದುಡ್ಡು ಕೊಟ್ಟಳು. ಜೋಳದ ಚೀಲ ಎತ್ತಿಕೊಂಡು ಹೋದಳು.

ಮುಂದಿನ ಬುಧವಾರ ಮಧ್ಯಾಹ್ನದಿಂದ ಮಳೆ ಹಿಡಿಯಿತು. ಸಂಗವ್ವನವರು ಅಂಗಡಿಗೆ ಫೋನ್ ಮಾಡಿ, “ಬರೂವಾಗ ಬಿಸಿ ಮಿರ್ಚಿ ಭಜಿ ತರ್ರಿ, ತಿನ್ನಬೇಕು ಅನಿಸೇತಿ” ಎಂದರು. ಕುಬೇರಪ್ಪನವರು ಅಂಗಡಿ ಮುಚ್ಚಿ, ಮಿರ್ಚಿ ಕಟ್ಟಿಸಿಕೊಂಡು ಹೊರಟಾಗ ಆರೂ ಮುಕ್ಕಾಲು. ಅರ್ಧ ದಾರಿಗೆ ಬರುವಷ್ಟರಲ್ಲಿ ಕರೆಂಟು ಹೋಯಿತು.

ಒಂದು ಕೈಯಲ್ಲಿ ಕೊಡೆ. ಇನ್ನೊಂದು ಕೈಯಲ್ಲಿ ಮಿರ್ಚಿ ಪೊಟ್ಟಣ. ಅದೇ ಕೈಯ ಎರಡು ಬೆರಳಲ್ಲಿ ಮೊಬೈಲ್ ಹಿಡಿದು ಅದರ ಬೆಳಕಿನಲ್ಲಿ ನಡೆದರು. ಮಳೆಹನಿಗೆ ಆ ಬೆಳಕು ಬಡಿದು ಎದುರೆಲ್ಲ ಬರೀ ಬಿಳಿ ಬಿಳಿ ಕಾಣುತ್ತಿತ್ತು. ಗಟಾರದ ಮೇಲಿನ ಒಂದು ಹಾಸುಗಲ್ಲು ಸರಿದುಹೋಗಿದ್ದು ಅವರಿಗೆ ಕಾಣಲಿಲ್ಲ. ನೀರು ಎಲ್ಲ ಕಡೆ ಸಮನಾಗಿ ಹರಿಯುತ್ತಿತ್ತು. ಕಾಲಿಟ್ಟರು. ಸೊಂಟದ ತನಕ ಒಳಗೆ ಹೋದರು.

ಮೊಬೈಲ್ ಕೈ ಜಾರಿ ನೀರಿಗೆ ಬಿತ್ತು. ನೀರೊಳಗೆ ಅದರ ಬೆಳಕು ಒಂದು ಗಳಿಗೆ ಕಂಡಿತು, ಆಮೇಲೆ ಅದೂ ಇಲ್ಲ. ಬಲಗಾಲು ಎತ್ತಲು ನೋಡಿದರೆ ಪ್ರಾಣ ಹೋಗುವಂಥ ನೋವು. ಕೂಗಿದರು. ತಗಡಿನ ಮೇಲೆ ಮಳೆ ಬೀಳುವ ಸಪ್ಪಳದಲ್ಲಿ ಆ ಕೂಗು ಯಾರಿಗೂ ಕೇಳಿಸಲಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು.

ಇತ್ತ ಸಂಗವ್ವನವರು ಫೋನ್ ಹಚ್ಚಿದರು. ಸ್ವಿಚ್ ಆಫ್. ಮತ್ತೆ ಹಚ್ಚಿದರು. ಸ್ವಿಚ್ ಆಫ್. ಏಳು ಗಂಟೆ ದಾಟಿತು. ಹಚ್ಚುತ್ತಲೇ ಇದ್ದರು. ಮಳೆಯಲ್ಲೇ ಎದುರು ಮನೆಗೆ ಓಡಿದರು.

“ರೆಹಮತ್, ಇವರು ಇನ್ನೂ ಬಂದಿಲ್ಲ. ಫೋನ್ ಹತ್ತವಲ್ದು.”

“ಬರ್ರಿ ಅವ್ವಾ, ನೋಡೂಣು.” ರೆಹಮತ್‌ಬಿ ಟಾರ್ಚ್ ಹೊತ್ತಿಸಿ ನೆಲಕ್ಕೆ ಹಿಡಿದಳು. ಒಂದೊಂದು ಹೆಜ್ಜೆಗೂ ನೆಲ ನೋಡುತ್ತ ಮುಂದೆ ನಡೆದಳು. ಸಂಗವ್ವನವರು ಅವಳ ಸೆರಗು ಹಿಡಿದು, “ಏನ್ರೀ... ಏನ್ರೀ...” ಎಂದು ಕೂಗುತ್ತ ಹಿಂದೆ ನಡೆದರು.

ಮೂರನೇ ತಿರುವಿನಲ್ಲಿ, “ಇಲ್ಲೆ ಅದೇನಿ, ಇಲ್ಲೆ!” ಎಂಬ ದನಿ ಕೇಳಿತು.

ಟಾರ್ಚಿನ ಬೆಳಕಿನಲ್ಲಿ ಮೊದಲು ಕಂಡದ್ದು ಒಂದು ಕೈ. ಆ ಕೈ ನೀರಿನಿಂದ ಮೇಲೆ ಮಿರ್ಚಿ ಪೊಟ್ಟಣವನ್ನು ಎತ್ತಿ ಹಿಡಿದಿತ್ತು.

“ಮೊದಲ ಇದನ್ನ ಹಿಡಿ. ಒಂದೀಟೂ ತೊಯ್ದಿಲ್ಲ” ಎಂದರು ಕುಬೇರಪ್ಪ, ಹಲ್ಲು ಕಟಕಟಿಸುತ್ತ.

ಸಂಗವ್ವನವರಿಗೆ ನಗು, ಅಳು, ಸಿಟ್ಟು ಮೂರೂ ಒಟ್ಟಿಗೇ ಬಂದವು. “ಬೆಂಕಿ ಬೀಳಲಿ ನಿಮ್ಮ ಮಿರ್ಚಿಗೆ!” ಎಂದು ಗಂಡನ ತಲೆ ಎದೆಗಾನಿಸಿಕೊಂಡರು.

ರೆಹಮತ್‌ಬಿ ಟಾರ್ಚನ್ನು ಹೆಗಲ ಮೇಲಿನ ಚೀಲದ ಪಟ್ಟಿಗೆ ಸಿಕ್ಕಿಸಿದಳು. ಎರಡೂ ಕೈ ಖಾಲಿಯಾದವು. ಒಂದು ಬಾಗಿಲು ಬಡಿದು ಇಬ್ಬರು ಗಂಡಸರನ್ನು ಕರೆದಳು. ಎಲ್ಲರೂ ಸೇರಿ ಕುಬೇರಪ್ಪನವರನ್ನು ಎತ್ತಿ ಕಟ್ಟೆಯ ಮೇಲೆ ಮಲಗಿಸಿದರು. “ಕಾಲು ಊರಬ್ಯಾಡ್ರಿ ಕಾಕಾ, ಮುರದಂಗ ಕಾಣತೈತಿ” ಎಂದು ಕಾಲು ಅಲುಗಾಡದಂತೆ ಕೊಡೆಯ ಕೋಲು ಇಟ್ಟು ಬಟ್ಟೆ ಕಟ್ಟಿದಳು. ತನ್ನ ಮೊಬೈಲ್‌ನಿಂದ ೧೦೮ಕ್ಕೆ ಕರೆ ಮಾಡಿದಳು. ಅದರಲ್ಲಿ ಬೇಕಾದಷ್ಟು ಚಾರ್ಜ್ ಇತ್ತು. ಆಮೇಲೆ ಟಾರ್ಚನ್ನು ಮಿಣಮಿಣ ಮಿಂಚುವಂತೆ ಮಾಡಿ ಓಣಿಯ ಬಾಯಲ್ಲಿ ಹಿಡಿದು ನಿಂತಳು. ಅಷ್ಟು ಓಣಿಗಳ ನಡುವೆ ಆಂಬುಲೆನ್ಸಿನವರು ತಡವರಿಸದೆ ಅಲ್ಲಿಗೇ ಬಂದರು.

ಪಾದದ ಹತ್ತಿರ ಎಲುಬು ಮುರಿದಿತ್ತು. ಆರು ವಾರ ಪ್ಲಾಸ್ಟರ್.

ಕಾಲು ಮುರಿದರೂ ಕುಬೇರಪ್ಪನವರ ಹಟ ಮುರಿದಿರಲಿಲ್ಲ. ನೋಡಲು ಬಂದವರಿಗೆಲ್ಲ, “ಗಟಾರದ ಕಲ್ಲು ಸರಿದಿತ್ತು. ನನ್ನ ತಪ್ಪೇನೈತಿ?” ಎನ್ನುತ್ತಿದ್ದರು.

ರೆಹಮತ್‌ಬಿ ಒಂದು ದಿನ ಹೇಳಿದಳು: “ಕಲ್ಲು ಸರಿ ಮಾಡ್ರಿ ಅಂತ ವಾರ್ಡ್ ಆಫೀಸಿಗೆ ನಾನ ಅರ್ಜಿ ಕೊಟ್ಟೇನಿ ಕಾಕಾ. ಅದು ಅವರ ಕೆಲಸ, ಖರೇ. ಆದ್ರ ಅವರು ಬಂದು ಮಾಡೂತನಾ ನಾವು ಅದ ಓಣ್ಯಾಗ ಅಡ್ಡಾಡಬೇಕಲ್ಲ?”

“ಮೊಬೈಲ್ ಹಿಡಕೊಂಡಿದ್ನಲ್ಲ.”

ಆಗ ಒಲೆಯ ಮುಂದಿದ್ದ ಸಂಗವ್ವನವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಎದ್ದು ಬಂದರು. ಅವರ ದನಿ ಸಣ್ಣದಾಗಿತ್ತು.

“ಇಪ್ಪತ್ತೆರಡು ಸಲ ಫೋನ್ ಹಚ್ಚೀನ್ರಿ ಅವತ್ತ. ಇಪ್ಪತ್ತೆರಡು ಸಲಾನೂ ಸ್ವಿಚ್ ಆಫ್ ಅಂತ ಆ ಹುಡುಗಿ ದನಿ ಕೇಳಿದ್ನಿ. ನೀವು ನಾಕ್ ಹೆಜ್ಜಿ ಆಚೆ ಇದ್ರಿ, ನನಗ ಗೊತ್ತಿಲ್ಲ. ಬೆಳಕು, ಮಾತು ಎರಡನ್ನೂ ಒಂದರಾಗ ಇಟ್ರಿ. ಅದು ಹೋತು, ಎರಡೂ ಹೋದ್ವು. ನಾ ಏನ್ ಮಾಡಬೇಕಿತ್ತು ಹೇಳ್ರಿ?”

ಕುಬೇರಪ್ಪನವರು ಹೆಂಡತಿಯ ಮುಖ ನೋಡಿದರು.  ಪ್ಲಾಸ್ಟರ್ ಹಾಕಿದ ಕಾಲನ್ನು ಸರಿಸಿ ಆಕೆಗೆ ಕೂರಲು ಜಾಗ ಮಾಡಿದರು.

“ಪ್ಲಾಸ್ಟರ್ ಬಿಚ್ಚಿದ ಮ್ಯಾಲೆ ಹೋಗಿ ಬ್ಯಾಟ್ರಿ ತರೂಣು” ಎಂದರು. “ನೀನ ಆರಿಸು.”

ಆಗಸ್ಟ್‌ನ ಒಂದು ಮಧ್ಯಾಹ್ನ ಮೂವರೂ ಮಕಬೂಲಸಾಬರ ಅಂಗಡಿಗೆ ಹೋದರು. ಎಪ್ಪತ್ತು ದಾಟಿದ ಮಕಬೂಲಸಾಬರು ಗಡಿಯಾರ, ರೇಡಿಯೋ, ಟಾರ್ಚ್ ರಿಪೇರಿ ಮಾಡುವವರು, ಮಾರುವವರು. ಅಂಗಡಿಯ ಹಿಂದೆ ದಪ್ಪ ಪರದೆ ಕಟ್ಟಿದ ಒಂದು ಕತ್ತಲ ಮೂಲೆ ಇದೆ. ಬೆಳಕು ನೋಡಲೆಂದೇ ಮಾಡಿಕೊಂಡದ್ದು.

ಕುಬೇರಪ್ಪನವರು ಊರುಗೋಲು ಬದಿಗಿಟ್ಟು ಎಲ್ಲಕ್ಕಿಂತ ದೊಡ್ಡ ಡಬ್ಬಿ ಎತ್ತಿದರು. “ಇದು ಬೇಶ್ ಐತಿ. ಲಕ್ಷ ಲುಮೆನ್ ಅಂತ ಬರದಾರ.”

“ಲುಮೆನ್ ಅಂದ್ರ ಬೆಳಕಿನ ಅಳತಿ, ಶೆಟ್ರ” ಎಂದರು ಮಕಬೂಲಸಾಬರು. “ಇಂಥಾ ಬ್ಯಾಟ್ರಿಯಿಂದ ಲಕ್ಷ ಬರೂದು ಸಾಧ್ಯ ಇಲ್ಲ. ಯಾರೋ ಬಿಟ್ಟು ಹೋಗ್ಯಾರ, ನಾ ಮಾರಂಗಿಲ್ಲ. ಓಣ್ಯಾಗ ಅಡ್ಡಾಡಾಕ ನೂರು ಸಾಕು, ಮುನ್ನೂರು ಅಂದ್ರ ಭಾಳಾತು. ಎಷ್ಟು ಬೆಳಕು ಅನ್ನೂಕಿಂತ ಎಷ್ಟು ತಾಸು ಬೆಳಕು ಅಂತ ಕೇಳ್ರಿ.”

ಕುಬೇರಪ್ಪನವರಿಗೆ ಈ ಮಾತು ತಟ್ಟನೆ ಹಿಡಿಸಿತು. “ಹೌದ ನೋಡ್ರಿ. ಚೀಲದ ಮ್ಯಾಲೆ ಏನ ಬರದಿರಲಿ, ನಾ ಕೈ ಹಾಕಿ ಕಾಳು ನೋಡೇ ಜೋಳ ತಗೋತೇನಿ. ಹಂಗ ಇದು.”

ಸಂಗವ್ವನವರು ಟಾರ್ಚುಗಳನ್ನು ಸೊಪ್ಪು ಆರಿಸಿದಂತೆ ಒಂದೊಂದಾಗಿ ಎತ್ತಿದರು. ಮೊದಲನೆಯದನ್ನು ಒತ್ತಿದರೆ ಕಣ್ಣು ಕುಕ್ಕುವ ಬೆಳಕು, ಮತ್ತೆ ಒತ್ತಿದರೆ ಮಿಂಚು, ಮತ್ತೆ ಒತ್ತಿದರೆ ಕೆಂಪು, ಇನ್ನೊಮ್ಮೆ ಒತ್ತಿದರೆ ಮತ್ತೇನೋ.

“ಇದು ನನಗ ಪರೀಕ್ಷಾ ಇಡಾಕತ್ತೈತಿ, ಬ್ಯಾಡ” ಎಂದು ಕೆಳಗಿಟ್ಟರು.

ಎರಡನೆಯದು ಅಂಗೈಯಲ್ಲೇ ಎರಡು ನಿಮಿಷಕ್ಕೆ ಸುಡತೊಡಗಿತು. ಅದರಲ್ಲಿ ಸಣ್ಣ ಬೆಳಕು ಇರಲೇ ಇಲ್ಲ.

“ಸಣ್ಣ ಬೆಳಕು ಬೇಕೇ ಬೇಕವ್ವಾ” ಎಂದಳು ರೆಹಮತ್‌ಬಿ. “ಕಾಲ ಕೆಳಗ ನೋಡಾಕ ಅದ ಸಾಕು. ಎದುರಿಗೆ ಬಂದವರ ಕಣ್ಣಿಗೂ ಹೊಡಿಯಂಗಿಲ್ಲ, ಚಾರ್ಜೂ ಭಾಳ ತಾಸು ಬರತೈತಿ. ದೂರ ನೋಡೂದಿದ್ರ ಮತ್ತೊಂದ್ಸಲ ಒತ್ತಿ ದೊಡ್ಡದು ಮಾಡ್ಕೋಬೇಕು.”

ಮೂರನೆಯದು ಬೆರಳಿಗಿಂತ ತುಸು ಉದ್ದ. ಬೆನ್ನಿಗೆ ಗಟ್ಟಿ ಕ್ಲಿಪ್. ಒಂದೇ ಗುಂಡಿ. ಸಂಗವ್ವನವರು ತಂಬಿಗೆಯ ನೀರಲ್ಲಿ ಕೈ ಅದ್ದಿಕೊಂಡು, ಪರದೆಯ ಹಿಂದೆ ಹೋಗಿ ಒಂದೇ ಕೈಯಲ್ಲಿ ಒತ್ತಿದರು. ರೊಟ್ಟಿ ತಟ್ಟಿ ಗಡುಸಾದ ಹೆಬ್ಬೆರಳಿಗೂ ಗುಂಡಿ ಸರಳವಾಗಿ ಸಿಕ್ಕಿತು. ಮೆಲ್ಲಗೆ ಬೆಳಕು ಬಂತು.

“ಒದ್ದಿ ಕೈಯಾಗೂ ಹತ್ತತೈತಿ! ಕಿಸೆದಾಗ ತನ್ನಷ್ಟಕ್ಕ ತಾನ ಹತ್ತಿ ಖಾಲಿ ಆದ್ರ?”

“ಗುಂಡಿ ಒತ್ತಿ ಹಿಡೀರಿ. ಲಾಕ್ ಆಕೈತಿ” ಎಂದು ಮಕಬೂಲಸಾಬರು ತೋರಿಸಿದರು. “ಮತ್ತ ಇದರ ಚಾರ್ಜಿಂಗ್ ವೈರ್ ಹೊಸಾ ಮೊಬೈಲ್‌ದ ಸಿ-ಟೈಪ್ ವೈರ್ ಐತಿ. ಬ್ಯಾರೆ ವೈರ್ ಇದ್ರ, ಅದು ಕಳದ ದಿನ ಬ್ಯಾಟ್ರಿನೂ ಮೂಲಿ ಸೇರತೈತಿ. ಡಬ್ಬಿ ಮ್ಯಾಲೆ ಐಪಿಎಕ್ಸ್ ಅಂತ ನೋಡ್ರಿ. ಮುಂದ ನಾಕು ಇದ್ರ ಮಳಿಹನಿ ತಡೀತೈತಿ. ಏಳು ಇದ್ರ ನೀರಾಗ ಬಿದ್ರೂ ಸ್ವಲ್ಪೊತ್ತು ತಡೀತೈತಿ.”

ಕುಬೇರಪ್ಪನವರು ಗಂಟಲು ಸರಿಮಾಡಿಕೊಂಡರು. “ನನಗ ಏಳರದ ಕೊಡ್ರಿ.”

ಎಲ್ಲರೂ ನಕ್ಕರು. ಸಂಗವ್ವನವರು ಟಾರ್ಚನ್ನು ಗಂಡನ ಜುಬ್ಬಾದ ಕಿಸೆಗೆ ತಾವೇ ಸಿಕ್ಕಿಸಿ, ಬಗ್ಗಿಸಿ ಏಳಿಸಿ ನೋಡಿದರು. ಅದು ಬೀಳಲಿಲ್ಲ.

“ಎರಡು ಕೊಡ್ರಿ” ಎಂದರು ಕುಬೇರಪ್ಪ.

“ಒಂದು ಸಾಕಲ್ರಿ ಮನಿಗೆ.”

“ಮನಿಗಲ್ಲ ಇದು, ಮನಷ್ಯಾಗ ಒಂದೊಂದು. ನಾ ಅಂಗಡ್ಯಾಗ, ನೀ ಹಿಟ್ಟಿನ ಗಿರಣ್ಯಾಗ ಇದ್ದಾಗ ಕರೆಂಟು ಹೋದ್ರ ಒಂದ ಬ್ಯಾಟ್ರಿ ಇಬ್ಬರಿಗೆ ಹೆಂಗ ಆಕೈತಿ?”

ಒಂದು ವರ್ಷದ ಗ್ಯಾರಂಟಿ ಬರೆಸಿ, ಬಿಲ್ ತೆಗೆದುಕೊಂಡು ಬಂದರು. ತಿಂಗಳ ಮೊದಲ ಸೋಮವಾರ ಪೂಜೆ ಮುಗಿದ ಮೇಲೆ ಎರಡನ್ನೂ ಚಾರ್ಜಿಗೆ ಹಚ್ಚುವುದೆಂದು ಠರಾವಾಯಿತು. ಹಾಸಿಗೆಯ ಮೇಲೆ ಅಲ್ಲ, ಕಲ್ಲಿನ ಕಪಾಟಿನ ಮೇಲೆ, ಎಚ್ಚರ ಇದ್ದಾಗ. ಮಳೆಯಲ್ಲಿ ತೊಯ್ದಿದ್ದರೆ ಮೊದಲು ಒರೆಸಿ ಒಣಗಿಸಿ. ಇದೆಲ್ಲ ರೆಹಮತ್‌ಬಿ ಹೇಳಿಕೊಟ್ಟದ್ದು.

ಟಾರ್ಚ್ ಬಂದ ಮೇಲೆ ಯಾರೂ ನೆನೆಸದ ಒಂದು ಸಂಗತಿ ನಡೆಯಿತು. ಮೂರು ಓಣಿ ಆಚೆ, ಮಠದ ಪಡಸಾಲೆಯಲ್ಲಿ ಹೆಣ್ಣುಮಕ್ಕಳಿಗೆ ಸಂಜೆ ಓದು ಬರಹ ಕಲಿಸುತ್ತಾರೆ. ಸಂಗವ್ವನವರಿಗೆ ಹೋಗುವ ಆಸೆ ಎರಡು ವರ್ಷದಿಂದ ಇತ್ತು. ಬರುವಾಗ ಕತ್ತಲಾಗುತ್ತದೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ, “ನಾ ಹೋಗಿ ಬರ್ತೇನ್ರಿ” ಎಂದು ಪಾಟಿಚೀಲ ಹಿಡಿದು ಹೊರಟೇಬಿಟ್ಟರು.

ಮೂರನೇ ವಾರ, ಅವರು ಹೋದ ಒಂದು ಸಂಜೆ ಕರೆಂಟು ಹೋಯಿತು. ಕುಬೇರಪ್ಪನವರು ಕಟ್ಟೆಯ ಮೇಲೆ ಬಂದು ಕೂತರು. ಫೋನ್ ಮಾಡಿದರು. “ಬರಾಕತ್ತೇನಿ” ಎಂಬ ಉತ್ತರ ಬಂತು. ಆದರೂ ಒಳಗೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ತಿರುವಿನಲ್ಲಿ ನೆಲದ ಮೇಲೆ ಒಂದು ದುಂಡನೆಯ ಬೆಳಕು ಮೂಡಿತು. ಅದು ಕಲ್ಲು, ನೀರು, ಮೆಟ್ಟಿಲು ಎಲ್ಲವನ್ನೂ ತೋರಿಸುತ್ತ ಮೆಲ್ಲಗೆ ಈ ಕಡೆ ಬಂತು. ಬೆಳಕಿನ ಹಿಂದೆ ಸಂಗವ್ವ. ಅವರ ಬೆಳಕು ನಂಬಿ ಹಿಂದೆ ಇನ್ನಿಬ್ಬರು ಹೆಣ್ಣುಮಕ್ಕಳು.

“ಯಾಕ ಹೊರಗ ಕುಂತೀರಿ?”

“ಸುಮ್ನ. ಗಾಳಿಗೆ.”

ಸಂಗವ್ವನವರು ಗಂಡನ ಪಕ್ಕ ಕೂತು ಟಾರ್ಚ್ ಆರಿಸಿದರು. “ಇವತ್ತ ನಾ ಒಬ್ಬಾಕಿನ ಇಡೀ ಪುಟ ಓದಿದ್ನಿ” ಎಂದರು.

“ಖರೇನ?” ಕುಬೇರಪ್ಪನವರು ತಮ್ಮ ಟಾರ್ಚ್ ಹೊತ್ತಿಸಿ ಹೆಂಡತಿಯ ಪುಸ್ತಕದ ಮೇಲೆ ಹಿಡಿದರು. “ಎಲ್ಲಿ, ಓದು. ಕೇಳತೇನಿ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಕರೆಂಟು ಹೋಗುತ್ತದೆ. ನಿಮಗೂ ಸಂಜೆ, ಮುಂಜಾವು ಹೊರಗೆ ಹೋಗುವ ಕೆಲಸ ಇರುತ್ತದೆ. ಮೊಬೈಲನ್ನು ಮಾತಿಗೆ ಉಳಿಸಿಕೊಳ್ಳಿ, ಬೆಳಕಿಗೆ ಒಂದು ಸಣ್ಣ ಟಾರ್ಚ್ ಜೊತೆಗಿರಲಿ. ಕೊಳ್ಳುವಾಗ ಡಬ್ಬಿಯ ದೊಡ್ಡ ಅಂಕಿಗೆ ಮರುಳಾಗಬೇಡಿ. ಅಂಗಡಿಯಲ್ಲೇ ಕೈಯಲ್ಲಿ ಹಿಡಿದು, ಒತ್ತಿ, ಕಿಸೆಗೆ ಸಿಕ್ಕಿಸಿ ನೋಡಿ. ಸಣ್ಣ ಬೆಳಕು ಇದೆಯೇ, ಮೊಬೈಲ್ ವೈರೇ ನಡೆಯುತ್ತದೆಯೇ ಎಂದು ಕೇಳಿ, ಬಿಲ್ ಇಲ್ಲದೆ ತರಬೇಡಿ. ಉಬ್ಬಿದ ಅಥವಾ ಒಡೆದ ಬ್ಯಾಟರಿಯನ್ನು ಬಳಸಬೇಡಿ, ಒಲೆಗೂ ಕಸಕ್ಕೂ ಹಾಕಬೇಡಿ. ಇ-ಕಸ ತೆಗೆದುಕೊಳ್ಳುವ ಕಡೆ ಕೊಡಿ. ಗಟಾರದ ಕಲ್ಲು ಸರಿದದ್ದು ಕಂಡರೆ ಅವತ್ತೇ ವಾರ್ಡ್ ಆಫೀಸಿಗೆ ತಿಳಿಸಿ.

ಮನೆಯಲ್ಲಿ ಈಗಾಗಲೇ ಒಂದು ಟಾರ್ಚ್ ಇದೆಯೇ? ಹಾಗಾದರೆ ಈ ಹಾಳೆ ಕೆಳಗಿಟ್ಟು ಎದ್ದು ಹೋಗಿ. ಒಮ್ಮೆ ಒತ್ತಿ ನೋಡಿ. ಹತ್ತದಿದ್ದರೆ ಈಗಲೇ ಚಾರ್ಜಿಗೆ ಹಚ್ಚಿ.